ನಾಯಿಯ ಹೊಟ್ಟೆ ಉಬ್ಬಿದಾಗ: ಗುರುತಿಸುವುದು ಹೇಗೆ, ಕೂಡಲೇ ಮಾಡಬೇಕಾದ್ದೇನು

ರಾತ್ರಿ ಊಟ ಮುಗಿದು ಒಂದು ಗಂಟೆ ಆಗಿತ್ತು. ನಮ್ಮ ಜರ್ಮನ್ ಶೆಫರ್ಡ್ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮಲಗುತ್ತಿದ್ದ, ಏಳುತ್ತಿದ್ದ, ನಾಲ್ಕು ಹೆಜ್ಜೆ ನಡೆದು ಮತ್ತೆ ಮಲಗುತ್ತಿದ್ದ. ಆಮೇಲೆ ಕತ್ತು ಚಾಚಿ, ಹೊಟ್ಟೆ ಎಳೆದು ಎಳೆದು ಓಕರಿಸಿದ. ಬಂದದ್ದು ಮೊಟ್ಟೆಯ ಬಿಳಿಯ ಹಾಗಿದ್ದ ಒಂದಿಷ್ಟು ನೊರೆ ಅಷ್ಟೇ. ಏನೋ ತಿಂದಿರಬೇಕು, ವಾಂತಿ ಆದರೆ ಸರಿ ಹೋಗುತ್ತದೆ ಅಂತ ನಾನು ಸುಮ್ನೆ ಕೂತೆ. ಹೊಟ್ಟೆ ಮುಟ್ಟಿ ನೋಡಿದೆ, ಉಬ್ಬಿದ ಹಾಗೆ ಅನಿಸಲಿಲ್ಲ. ಹೀಗೇ 40 ನಿಮಿಷ ಹೋಯಿತು.

ಆ ರಾತ್ರಿ ಆಪರೇಷನ್ ಆಗಿ ಅವನು ಉಳಿದುಕೊಂಡ. ಆದರೆ ಆ 40 ನಿಮಿಷ ನಾನು ಕಾದದ್ದು ತಪ್ಪು ಲಕ್ಷಣಕ್ಕೆ. ‘ಹೊಟ್ಟೆ ಉಬ್ಬರ’ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಕಣ್ಣಿಗೆ ಕಾಣುವ ಉಬ್ಬು ಎಷ್ಟೋ ಸಲ ತಡವಾಗಿ ಬರುತ್ತದೆ. ಎದೆಗೂಡು ಆಳವಾಗಿರುವ ನಾಯಿಗಳಲ್ಲಿ ಜಠರ ಪಕ್ಕೆಲುಬಿನ ಕೆಳಗೇ ಅಡಗಿರುವುದರಿಂದ ಹೊರಗೆ ಕಾಣದೆಯೂ ಇರಬಹುದು. ಉಬ್ಬಿಗಿಂತ ಮೊದಲೇ ಕಾಣುವುದು ಓಕರಿಕೆ. ಓಕರಿಸುತ್ತದೆ, ಏನೂ ಹೊರಗೆ ಬರುವುದಿಲ್ಲ. ಈ ಬರಹದಲ್ಲಿ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ಮರೆಯಬೇಡಿ.

ಒಳಗೆ ಏನಾಗುತ್ತದೆ

ಜಠರವನ್ನು ಒಂದು ಬಟ್ಟೆ ಚೀಲ ಅಂದುಕೊಳ್ಳಿ. ಒಂದು ತುದಿಯಲ್ಲಿ ಅನ್ನನಾಳ, ಇನ್ನೊಂದು ತುದಿಯಲ್ಲಿ ಕರುಳು. ಅದರಲ್ಲಿ ಗಾಳಿ, ಆಹಾರ, ನೀರು ತುಂಬಿ ಚೀಲ ಊದಿಕೊಳ್ಳುವುದು ಮೊದಲ ಘಟ್ಟ. ಈ ಹಂತದಲ್ಲಿ ತೇಗಿದರೆ ಅಥವಾ ವಾಂತಿ ಮಾಡಿದರೆ ಗಾಳಿ ಹೊರಗೆ ಹೋಗಲು ಇನ್ನೂ ದಾರಿ ಇರುತ್ತದೆ. ಎರಡನೇ ಘಟ್ಟದಲ್ಲಿ ಊದಿದ ಚೀಲ ತನ್ನ ಸುತ್ತಲೇ ತಿರುಗುತ್ತದೆ. ಆಗ ಎರಡೂ ಬಾಯಿ ತಿರುಚಿಕೊಂಡು ಮುಚ್ಚಿ ಹೋಗುತ್ತವೆ. ಮೇಲಿನಿಂದ ಏನೂ ಬರಲಾರದು, ಕೆಳಗೂ ಹೋಗಲಾರದು, ಗಾಳಿ ಮಾತ್ರ ಹೆಚ್ಚುತ್ತಲೇ ಇರುತ್ತದೆ. ವೈದ್ಯರು ಇದನ್ನು ಗ್ಯಾಸ್ಟ್ರಿಕ್ ಡೈಲಟೇಶನ್ ವಾಲ್ವ್ಯುಲಸ್, ಚಿಕ್ಕದಾಗಿ ಜಿಡಿವಿ ಅನ್ನುತ್ತಾರೆ.

ನಾಯಿಯನ್ನು ಕೊಲ್ಲುವುದು ಬರೀ ಆ ಗಾಳಿಯಲ್ಲ. ಊದಿದ ಜಠರ ಹಿಂಭಾಗದಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳವನ್ನು ಅದುಮಿ ಹಿಡಿಯುತ್ತದೆ. ಹೃದಯಕ್ಕೆ ವಾಪಸು ಬರುವ ರಕ್ತ ಕಡಿಮೆಯಾಗಿ ರಕ್ತದೊತ್ತಡ ಇಳಿಯುತ್ತದೆ, ನಾಯಿ ಶಾಕ್‌ಗೆ, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ಸಿಗದ ಸ್ಥಿತಿಗೆ ಹೋಗುತ್ತದೆ. ಜೊತೆಗೆ ಜಠರದ ಗೋಡೆಗೆ ರಕ್ತ ಸಿಗದೆ ಅದು ಸಾಯತೊಡಗುತ್ತದೆ. ಪಕ್ಕದಲ್ಲೇ ಅಂಟಿಕೊಂಡಿರುವ ಗುಲ್ಮವೂ (ಸ್ಪ್ಲೀನ್) ಎಳೆದಾಡಿಕೊಂಡು ತಿರುಚುತ್ತದೆ. ಇದೆಲ್ಲ ಕೆಲವೇ ಗಂಟೆಗಳ ಆಟ. ‘ಬೆಳಗ್ಗೆವರೆಗೂ ನೋಡೋಣ’ ಅನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ.

ಮೊದಲ ಹೆಜ್ಜೆ: ಚೆನ್ನಾಗಿರುವಾಗಲೇ ನಾಯಿಯನ್ನು ಓದಿಟ್ಟುಕೊಳ್ಳಿ

ಒಸಡು ಬಿಳಿಚಿಕೊಂಡಿದೆಯೋ ಇಲ್ಲವೋ ಅಂತ ರಾತ್ರಿ 11 ಗಂಟೆಗೆ ಟಾರ್ಚ್ ಹಿಡಿದು ನೋಡುವಾಗ, ಮಾಮೂಲಿ ಬಣ್ಣ ಹೇಗಿತ್ತು ಅನ್ನುವುದೇ ನೆನಪಾಗುವುದಿಲ್ಲ. ಹಾಗಾಗಿ ಬಿಡುವಿದ್ದ ದಿನ ಒಂದು ಹತ್ತು ನಿಮಿಷ ಇದಕ್ಕೆ ಕೊಡಿ.

ಮೇಲ್ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ, ಒದ್ದೆ, ನುಣುಪು ಇರಬೇಕು. ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬಿಳಿಯಾಗಿ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಕೆಲವು ನಾಯಿಗಳಿಗೆ ಒಸಡೇ ಕಪ್ಪು. ಅವುಗಳಲ್ಲಿ ಕೆಳ ರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಭಾಗದ ಬಣ್ಣ ನೋಡಿಟ್ಟುಕೊಳ್ಳಿ. ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ನಾಡಿ ನೋಡಲು ಹಿಂಗಾಲಿನ ತೊಡೆಯ ಒಳಭಾಗಕ್ಕೆ, ಹೊಟ್ಟೆಗೆ ಹತ್ತಿರವಾಗಿ ಎರಡು ಬೆರಳು ಇಡಿ. ಮೊದಲ ಸಲ ಸಿಗುವುದಿಲ್ಲ, ನನಗೂ ಸಿಕ್ಕಿರಲಿಲ್ಲ. ಬೆರಳನ್ನು ಅದುಮದೆ ಸುಮ್ನೆ ಇಟ್ಟು ಕಾಯಬೇಕು. 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ. ಆರಾಮಾಗಿರುವ ದೊಡ್ಡ ನಾಯಿಗೆ ನಿಮಿಷಕ್ಕೆ 60ರಿಂದ 100, ಸಣ್ಣ ನಾಯಿಗೆ 140ರವರೆಗೂ ಸಾಮಾನ್ಯ. ಮಲಗಿರುವಾಗ ಉಸಿರು ನಿಮಿಷಕ್ಕೆ 30 ದಾಟಬಾರದು. ಗುದದ್ವಾರದಲ್ಲಿ ಅಳೆದ ಮೈ ಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಅಂದರೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರ ಲೆಕ್ಕದಲ್ಲಿ ಅದು ಜ್ವರ, ನಾಯಿಗೆ ಅದೇ ಆರೋಗ್ಯ.

ಕೊನೆಯದು ಟೇಪು. ದರ್ಜಿಗಳ ಮೆತ್ತನೆ ಟೇಪನ್ನು ಕೊನೆಯ ಪಕ್ಕೆಲುಬಿನ ಹಿಂದೆ ಸುತ್ತಿ ಹೊಟ್ಟೆಯ ಸುತ್ತಳತೆ ಬರೆದಿಡಿ. ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಒಂದು. ಈ ಅಂಕೆಗಳ ಜೊತೆ ನಾಯಿಯ ತೂಕ, ರಾತ್ರಿಯೂ ತೆರೆದಿರುವ ಪಶು ಆಸ್ಪತ್ರೆಯ ಫೋನ್ ನಂಬರ್ ಬರೆದು ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಆ ಆಸ್ಪತ್ರೆಯಲ್ಲಿ ರಾತ್ರಿ ಆಪರೇಷನ್ ಮಾಡುತ್ತಾರಾ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಬಾಗಿಲು ತೆರೆದಿರುವ ಕಡೆಯೆಲ್ಲ ಸರ್ಜನ್ ಇರುತ್ತಾರೆ ಅಂತಿಲ್ಲ.

ಎರಡನೇ ಹೆಜ್ಜೆ: ಲಕ್ಷಣಗಳನ್ನು ಸರಿಯಾದ ಸಾಲಿನಲ್ಲಿ ನೋಡಿ

ಮೊದಲು ಬರುವುದು ಚಡಪಡಿಕೆ. ಕೂರಲಾರದು, ಮಲಗಲಾರದು. ತಿರುತಿರುಗಿ ತನ್ನ ಹೊಟ್ಟೆಯ ಕಡೆ ನೋಡುತ್ತದೆ. ಕೆಲವು ನಾಯಿಗಳು ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ನಿಲ್ಲುತ್ತವೆ, ಆಟಕ್ಕೆ ಕರೆಯುವಾಗ ನಿಲ್ಲುವ ಹಾಗೆ. ಆಟದ ಮುಖ ಬೇರೆ, ನೋವಿನ ಮುಖ ಬೇರೆ; ಸಾಕಿದವರಿಗೆ ಗೊತ್ತಾಗುತ್ತದೆ.

ಜೊತೆಗೇ ಅಥವಾ ಸ್ವಲ್ಪ ಹೊತ್ತಿನಲ್ಲಿ ಜೊಲ್ಲು ಮತ್ತು ಒಣ ಓಕರಿಕೆ. ಜೊಲ್ಲು ನೀರಿನ ಹಾಗೆ ತೊಟ್ಟಿಕ್ಕುವುದಿಲ್ಲ, ದಪ್ಪಗೆ ಹಗ್ಗದ ಹಾಗೆ ಜೋಲುತ್ತದೆ. ಓಕರಿಸಿದಾಗ ಬಿಳಿ ನೊರೆ ಬರಬಹುದು. ಅದನ್ನು ನೋಡಿ ‘ವಾಂತಿ ಆಯ್ತಲ್ಲ’ ಅಂತ ಸಮಾಧಾನ ಪಡಬೇಡಿ. ಆ ನೊರೆ ನುಂಗಲಾಗದೆ ಉಳಿದ ಜೊಲ್ಲು, ಜಠರದಿಂದ ಬಂದದ್ದಲ್ಲ.

ಇಲ್ಲೊಂದು ಗೊಂದಲ ಇದೆ. ಕೆನಲ್ ಕಾಫ್ ಅನ್ನುವ ಕೆಮ್ಮು ಇರುವ ನಾಯಿಯೂ ಗೊರ ಗೊರ ಕೆಮ್ಮಿ ಕೊನೆಗೆ ನೊರೆ ಕಕ್ಕುತ್ತದೆ. ಆದರೆ ಕೆಮ್ಮು ಮುಗಿದ ಮೇಲೆ ಅದು ಸಾಮಾನ್ಯವಾಗಿ ಬಾಲ ಆಡಿಸಿಕೊಂಡು ಓಡಾಡುತ್ತದೆ, ತಿಂಡಿ ತೋರಿಸಿದರೆ ಬರುತ್ತದೆ. ಜಠರ ತಿರುಚಿಕೊಂಡ ನಾಯಿಗೆ ಆ ಬಿಡುವು ಇರುವುದಿಲ್ಲ. ಯಾವುದು ಅಂತ ತಿಳಿಯದಿದ್ದರೆ 20 ಸೆಕೆಂಡಿನ ವಿಡಿಯೋ ಮಾಡಿ ವೈದ್ಯರಿಗೆ ಕಳಿಸಿ, ಕೂಡಲೇ ಫೋನೂ ಮಾಡಿ. ಉತ್ತರಕ್ಕೆ ಕಾಯುತ್ತಾ ಮನೆಯಲ್ಲಿ ಕೂರಬೇಡಿ.

ಆಮೇಲೆ ಉಬ್ಬು. ಹೊಟ್ಟೆಯ ಎಡಭಾಗ, ಪಕ್ಕೆಲುಬಿನ ಹಿಂದೆ ಬಿಗಿಯಾಗುತ್ತದೆ. ಬೆರಳಿನಿಂದ ತಟ್ಟಿದರೆ ಡೋಲಿನ ಸದ್ದು ಬರಬಹುದು. ಒಸಡು ಬಿಳಿಚುವುದು, ನಾಡಿ ಓಡುವುದು, ಕಾಲಿನ ತುದಿ ತಣ್ಣಗಾಗುವುದು, ಕುಸಿದು ಬೀಳುವುದು, ಇವು ಶಾಕ್‌ನ ಲಕ್ಷಣಗಳು. ಇಲ್ಲಿಗೆ ಬಂದಿದ್ದರೆ ಓದುವುದು ನಿಲ್ಲಿಸಿ ಗಾಡಿ ತೆಗೆಯಿರಿ.

ಮೂರನೇ ಹೆಜ್ಜೆ: ಎರಡು ನಿಮಿಷದ ತಪಾಸಣೆ

ಎರಡು ನಿಮಿಷ ಅಂದರೆ ಎರಡೇ ನಿಮಿಷ. ಒಸಡಿನ ಬಣ್ಣ, ಒತ್ತಿ ಬಿಟ್ಟರೆ ಎಷ್ಟು ಹೊತ್ತಿಗೆ ಬಣ್ಣ ಮರಳುತ್ತದೆ, ನಾಡಿ, ಹೊಟ್ಟೆ ಬಿಗಿ ಇದೆಯಾ. ಸುತ್ತಳತೆ ಮೊದಲೇ ಬರೆದಿಟ್ಟಿದ್ದರೆ ಟೇಪು ಸುತ್ತಿ ನೋಡಿ. ಓಕರಿಕೆ ಎಷ್ಟು ಗಂಟೆಗೆ ಶುರುವಾಯಿತು, ಕೊನೆಯ ಊಟ ಯಾವಾಗ ಅನ್ನುವುದನ್ನು ಬರೆದುಕೊಳ್ಳಿ.

ಈ ತಪಾಸಣೆ ಇರುವುದು ವೈದ್ಯರಿಗೆ ಹೇಳಲಿಕ್ಕೆ. ಹೋಗಬೇಕೋ ಬೇಡವೋ ಅಂತ ತೀರ್ಮಾನಿಸಲು ಅಲ್ಲ. ನಾಡಿ ಚೆನ್ನಾಗಿದೆ, ಒಸಡೂ ಗುಲಾಬಿಯೇ ಇದೆ, ಆದರೆ ದೊಡ್ಡ ನಾಯಿ ಏನೂ ಬರದೆ ಓಕರಿಸುತ್ತಲೇ ಇದೆ. ಆಗ ಹೋಗಲೇಬೇಕು. ಎಲ್ಲವೂ ಕೆಟ್ಟ ಮೇಲೆ ಹೋಗುವುದಕ್ಕಿಂತ ಸುಳ್ಳು ಗಾಬರಿಯಲ್ಲಿ ಹೋಗಿ ನಾಚಿಕೊಂಡು ವಾಪಸು ಬರುವುದು ವಾಸಿ ಅಲ್ವಾ? ನಾನು ಹಾಗೆ ಎರಡು ಸಲ ಬಂದಿದ್ದೇನೆ. ಒಂದು ಸಲ ಬರೀ ಹುಲ್ಲು ತಿಂದಿದ್ದ.

ನಾಲ್ಕನೇ ಹೆಜ್ಜೆ: ಫೋನು, ಎತ್ತುವುದು, ಹೊರಡುವುದು

ಒಬ್ಬರು ಫೋನ್ ಮಾಡಲಿ, ಇನ್ನೊಬ್ಬರು ಗಾಡಿ ತೆಗೆಯಲಿ. ಫೋನಿನಲ್ಲಿ ಕಥೆ ಬೇಡ. ಹೀಗೆ ಹೇಳಿದರೆ ಸಾಕು: “ಜರ್ಮನ್ ಶೆಫರ್ಡ್, 7 ವರ್ಷ, 34 ಕೆಜಿ. 40 ನಿಮಿಷದಿಂದ ಓಕರಿಸ್ತಾ ಇದಾನೆ, ಏನೂ ಬರ್ತಿಲ್ಲ. ಜಿಡಿವಿ ಇರಬಹುದು ಅನಿಸ್ತಿದೆ. ಈಗಲೇ ಹೊರಟಿದ್ದೇವೆ. ಆಪರೇಷನ್ ಮಾಡೋಕೆ ಡಾಕ್ಟರ್ ಇದಾರಾ? ಇಲ್ಲ ಅಂದ್ರೆ ಎಲ್ಲಿಗೆ ಹೋಗ್ಲಿ?” ನೀವು ತಲುಪುವ ಹೊತ್ತಿಗೆ ಅವರು ಡ್ರಿಪ್, ಎಕ್ಸ್‌ರೇ ಸಿದ್ಧ ಮಾಡಿಟ್ಟಿರುತ್ತಾರೆ. ಆ ಉಳಿತಾಯ ದೊಡ್ಡದು.

ನಡೆಯುವ ಸ್ಥಿತಿಯಲ್ಲಿದ್ದರೆ ನಿಧಾನಕ್ಕೆ ನಡೆಸಿಕೊಂಡು ಹೋಗಿ, ಗಾಡಿಗೆ ಹಾರಲು ಮಾತ್ರ ಬಿಡಬೇಡಿ. ಎತ್ತಬೇಕಾದರೆ ಒಬ್ಬರ ಕೈ ಎದೆಯ ಕೆಳಗೆ, ಇನ್ನೊಬ್ಬರ ಕೈ ತೊಡೆಗಳ ಹಿಂದೆ. ಹೊಟ್ಟೆಯ ಕೆಳಗೆ ಕೈ ಹಾಕಿ ಎತ್ತಬೇಡಿ. ಬಿದ್ದುಬಿಟ್ಟಿದ್ದರೆ ಕಂಬಳಿಯ ಮೇಲೆ ಉರುಳಿಸದೆ ಎಳೆದುಕೊಂಡು, ನಾಲ್ಕು ಮೂಲೆ ಹಿಡಿದು ಎತ್ತಿ. ಅವನಿಗೆ ಯಾವ ಭಂಗಿಯಲ್ಲಿ ಹಿತವೋ ಹಾಗೇ ಇರಲಿ. ನೋವಿನಲ್ಲಿರುವ ನಾಯಿ ಯಾರನ್ನಾದರೂ ಕಚ್ಚಬಹುದು, ಸಾಕಿದವರನ್ನೂ. ಹಾಗಂತ ಓಕರಿಸುತ್ತಿರುವ ನಾಯಿಯ ಬಾಯಿ ಕಟ್ಟಬೇಡಿ, ಉಸಿರು ಸಿಕ್ಕಿಕೊಳ್ಳುತ್ತದೆ. ಮುಖದ ಹತ್ತಿರ ಮುಖ ಒಯ್ಯದೆ ಇದ್ದರೆ ಸಾಕು.

ಮಾಡಬಾರದ್ದು ಇನ್ನೂ ಮುಖ್ಯ. ನೀರು ಕುಡಿಸಬೇಡಿ, ಊಟ ಬೇಡ. ಉಪ್ಪು ನೀರೋ ಇನ್ನೊಂದೋ ಹಾಕಿ ವಾಂತಿ ಮಾಡಿಸಲು ಹೋಗಬೇಡಿ. ದಾರಿ ಮುಚ್ಚಿದೆ, ಬರುವುದಿಲ್ಲ, ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ. ಹೊಟ್ಟೆ ನೀವಬೇಡಿ. ಮಕ್ಕಳಿಗೆ ಕೊಡುವ ಗ್ಯಾಸ್ ಹನಿ ಇದೆಯಲ್ಲ, ಸಿಮೆಥಿಕೋನ್, ಅದು ನೊರೆಯ ಗುಳ್ಳೆ ಒಡೆಯುತ್ತದೆಯೇ ಹೊರತು ತಿರುಚಿದ ಚೀಲವನ್ನು ಬಿಡಿಸುವುದಿಲ್ಲ. ಅದನ್ನು ಕೊಟ್ಟು ‘ಅರ್ಧ ಗಂಟೆ ನೋಡೋಣ’ ಅಂತ ಕಾಯುವುದರಲ್ಲೇ ಅಪಾಯ ಇರುವುದು. ಸೂಜಿ ಚುಚ್ಚಿ ಗಾಳಿ ತೆಗೆಯುವ ವಿಡಿಯೋಗಳು ಎಲ್ಲೆಲ್ಲೋ ಕಾಣುತ್ತವೆ. ಗುಲ್ಮ ಎಲ್ಲಿಗೆ ಸರಿದಿದೆ ಅಂತ ನಿಮಗೂ ಗೊತ್ತಿಲ್ಲ, ಆ ವಿಡಿಯೋ ಮಾಡಿದವರಿಗೂ ಗೊತ್ತಿಲ್ಲ. ಆ ಕೆಲಸ ಆಸ್ಪತ್ರೆಯದು.

ಐದನೇ ಹೆಜ್ಜೆ: ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ ಅಂತ ತಿಳಿದಿರಲಿ

ಮೊದಲು ರಕ್ತನಾಳಕ್ಕೆ ವೇಗವಾಗಿ ದ್ರವ ಹರಿಸುತ್ತಾರೆ, ನೋವಿಗೆ ಔಷಧಿ ಕೊಡುತ್ತಾರೆ. ಬಾಯಿಯಿಂದ ಕೊಳವೆ ಇಳಿಸಿಯೋ, ಪಕ್ಕೆಗೆ ಸೂಜಿ ಹಾಕಿಯೋ ಗಾಳಿ ತೆಗೆಯುತ್ತಾರೆ. ಬಲಮಗ್ಗುಲಿಗೆ ಮಲಗಿಸಿ ಎಕ್ಸ್‌ರೇ ತೆಗೆದರೆ ತಿರುಚಿದ ಜಠರ ಎರಡು ಗುಳ್ಳೆಗಳ ಹಾಗೆ ಕಾಣುತ್ತದೆ. ನನಗೂ ಆ ಪರದೆ ತೋರಿಸಿದರು. ಮಧ್ಯದಲ್ಲಿ ಒಂದು ಬಿಳಿ ಗೆರೆ, ಮೇಲೆ ಕೆಳಗೆ ಎರಡು ಕಪ್ಪು ಬಲೂನು. ವೈದ್ಯರು ಬಾಯಿ ಬಿಡುವ ಮೊದಲೇ ನನಗೆ ಅರ್ಥವಾಗಿತ್ತು.

ಗಾಳಿ ತೆಗೆದ ಮೇಲೆ ನಾಯಿ ಗೆಲುವಾಗಿ ಕಾಣಬಹುದು. ‘ಈಗ ಸರಿ ಹೋದನಲ್ಲ, ಆಪರೇಷನ್ ಯಾಕೆ’ ಅನಿಸುವುದು ಅಲ್ಲೇ. ತಿರುಚು ಹಾಗೇ ಇರುತ್ತದೆ, ಗಾಳಿ ಮತ್ತೆ ತುಂಬುತ್ತದೆ. ಆಪರೇಷನ್‌ನಲ್ಲಿ ಜಠರವನ್ನು ಸರಿ ಜಾಗಕ್ಕೆ ತಿರುಗಿಸಿ, ಸತ್ತ ಭಾಗವಿದ್ದರೆ ಕತ್ತರಿಸಿ, ಕೆಲವೊಮ್ಮೆ ಗುಲ್ಮವನ್ನೂ ತೆಗೆದು, ಕೊನೆಗೆ ಜಠರವನ್ನು ಹೊಟ್ಟೆಯ ಬಲಗೋಡೆಗೆ ಹೊಲಿಯುತ್ತಾರೆ. ಈ ಹೊಲಿಗೆಗೆ ಗ್ಯಾಸ್ಟ್ರೋಪೆಕ್ಸಿ ಅನ್ನುತ್ತಾರೆ. ಇದನ್ನು ಮಾಡದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ನಾಯಿಗಳಲ್ಲಿ ತೊಂದರೆ ಮರಳುತ್ತದೆ. ಹಾಗಾಗಿ ಬಿಡುವ ಮಾತೇ ಬೇಡ. ಬೇಗ ತಲುಪಿದ ನಾಯಿಗಳಲ್ಲಿ ಹೆಚ್ಚಿನವು ಬದುಕುತ್ತವೆ.

ಆಪರೇಷನ್ ಮುಗಿದ ಕೂಡಲೇ ಮನೆಗೆ ಕಳಿಸಿ ಅಂತ ಒತ್ತಾಯ ಮಾಡಬೇಡಿ. ಮುಂದಿನ ಎರಡು ಮೂರು ದಿನ ಹೃದಯದ ಬಡಿತ ತಾಳ ತಪ್ಪುವುದು ಸಾಮಾನ್ಯ. ಅದಕ್ಕೆ ಇಸಿಜಿ ಮೇಲೆ ಕಣ್ಣಿಟ್ಟಿರಬೇಕು.

ಉಬ್ಬಿದ್ದೆಲ್ಲ ಜಿಡಿವಿ ಅಲ್ಲ

ಮರಿ ನಾಯಿ, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಗುಡಾಣ. ಮೊದಲ ಅನುಮಾನ ಜಂತುಹುಳ. ಅವಸರ ಇಲ್ಲ, ಆದರೆ ಈ ವಾರವೇ ತೋರಿಸಿ.

ಆಹಾರದ ಚೀಲಕ್ಕೆ ಬಾಯಿ ಹಾಕಿ ಅರ್ಧ ಖಾಲಿ ಮಾಡಿದ ನಾಯಿಯ ಹೊಟ್ಟೆಯೂ ಉಬ್ಬುತ್ತದೆ. ಇದು ಎಷ್ಟೋ ಸಲ ಆಸ್ಪತ್ರೆಯ ನಿಗಾದಲ್ಲೇ ಇಳಿಯುತ್ತದೆ, ಆದರೂ ಎಕ್ಸ್‌ರೇ ಬೇಕು. ಯೀಸ್ಟ್ ಹಾಕಿ ಕಲಸಿದ ಹಸಿ ಹಿಟ್ಟು ತಿಂದಿದ್ದರೆ ಅದು ಬೇರೆಯೇ ತುರ್ತು. ಹಿಟ್ಟು ಹೊಟ್ಟೆಯ ಬಿಸಿಗೆ ಹಿಗ್ಗುತ್ತದೆ, ಜೊತೆಗೆ ಆಲ್ಕೋಹಾಲ್ ಬಿಡುತ್ತದೆ. ನಾಯಿ ಕುಡಿದವರ ಹಾಗೆ ತೂರಾಡುತ್ತದೆ.

ವಾರಗಟ್ಟಲೆ ನಿಧಾನಕ್ಕೆ ದೊಡ್ಡದಾದ ಹೊಟ್ಟೆ ಬೇರೆ ಕಥೆ. ಹೃದಯ ಅಥವಾ ಯಕೃತ್ತಿನ ತೊಂದರೆಯಿಂದ ನೀರು ತುಂಬಿರಬಹುದು. ನೀರು ಜಾಸ್ತಿ ಕುಡಿಯುವುದು, ಜಾಸ್ತಿ ಮೂತ್ರ, ಕೂದಲು ತೆಳ್ಳಗಾಗುವುದು ಇದ್ದರೆ ಕುಶಿಂಗ್ ಅನ್ನುವ ಹಾರ್ಮೋನ್ ಕಾಯಿಲೆ ಇರಬಹುದು. ವಯಸ್ಸಾದ ದೊಡ್ಡ ನಾಯಿ ಇದ್ದಕ್ಕಿದ್ದಂತೆ ಸುಸ್ತಾಗಿ, ಒಸಡು ಬಿಳಿಚಿ, ಹೊಟ್ಟೆ ದಪ್ಪಗಾದರೆ ಗುಲ್ಮದ ಗೆಡ್ಡೆ ಒಡೆದು ಒಳಗೆ ರಕ್ತ ಹರಿಯುತ್ತಿರಬಹುದು. ಅದೂ ಈ ಕ್ಷಣದ ತುರ್ತು.

ಸಂತಾನಹರಣ ಮಾಡಿಸದ ಹೆಣ್ಣು ನಾಯಿಯ ಬಗ್ಗೆ ಒಂದು ಮಾತು ಹೆಚ್ಚಿಗೆ. ಬೆದೆ ಮುಗಿದ ಒಂದೆರಡು ತಿಂಗಳೊಳಗೆ ಮಂಕಾಗಿ, ನೀರು ವಿಪರೀತ ಕುಡಿಯುತ್ತಾ, ಊಟ ಬಿಟ್ಟರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹೊರಗೆ ಕೀವು ಸೋರುತ್ತಿದ್ದರೆ ಕಾಣುತ್ತದೆ. ಸೋರದೆ ಒಳಗೇ ತುಂಬಿಕೊಳ್ಳುವುದು ಇನ್ನೂ ಅಪಾಯ. ಅದೇ ದಿನ ತೋರಿಸಬೇಕು.

ಬೇರೆ ಕಾಯಿಲೆಗಳು: ಈಗಲೇ, ಇವತ್ತು, ನಾಳೆ

ನಾನು ಮನಸ್ಸಿನಲ್ಲಿ ಮೂರು ಪೆಟ್ಟಿಗೆ ಇಟ್ಟುಕೊಂಡಿದ್ದೇನೆ.

‘ಈಗಲೇ’ ಪೆಟ್ಟಿಗೆಯಲ್ಲಿ ಇರುವುದು ಒಣ ಓಕರಿಕೆ, ಬಿಳಿ ಅಥವಾ ನೀಲಿ ಒಸಡು, ಉಸಿರಾಟಕ್ಕೆ ಒದ್ದಾಟ, 5 ನಿಮಿಷ ದಾಟಿದ ಫಿಟ್ಸ್, ಮೂತ್ರಕ್ಕೆ ತಿಣುಕಿದರೂ ಹನಿ ಬರದಿರುವುದು, ವಿಷ ತಿಂದ ಅನುಮಾನ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್, ಇಲಿ ಪಾಷಾಣ, ಇವೆಲ್ಲ ವಿಷವೇ. ಏನು ತಿಂದಿತೋ ಅದರ ಪೊಟ್ಟಣ ಜೊತೆಗೆ ಒಯ್ಯಿರಿ.

‘ಇವತ್ತು’ ಪೆಟ್ಟಿಗೆಯಲ್ಲಿ ಮತ್ತೆ ಮತ್ತೆ ವಾಂತಿ, ರಕ್ತ ಬೆರೆತ ಭೇದಿ, 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ, ಕುಡಿದ ನೀರೂ ನಿಲ್ಲದಿರುವುದು. ಲಸಿಕೆ ಪೂರ್ತಿಯಾಗದ ಮರಿಗೆ ವಾಂತಿ ಭೇದಿ ಎರಡೂ ಶುರುವಾದರೆ ಪಾರ್ವೋ ಅನ್ನುವ ವೈರಸ್ ಕಾಯಿಲೆ ಅಂತಲೇ ಹೆದರಿ ಓಡಿ. ಮರಿಗಳಲ್ಲಿ ನೀರು ಬತ್ತುವುದು ಬಹಳ ಬೇಗ. ಬತ್ತಿದೆಯಾ ಅಂತ ನೋಡಲು ಭುಜದ ಮೇಲಿನ ಚರ್ಮ ಎತ್ತಿ ಬಿಡಿ, ತಟ್ಟನೆ ಕೂರಬೇಕು. ನಿಧಾನಕ್ಕೆ ಇಳಿದರೆ, ಒಸಡೂ ಅಂಟಂಟಾಗಿದ್ದರೆ ನೀರು ಕಡಿಮೆಯಾಗಿದೆ. ಉಣ್ಣಿ ಕಚ್ಚಿದ ನಾಯಿಗೆ ಜ್ವರ, ಬಿಳಿಚಿದ ಒಸಡು, ಕಂದು ಬಣ್ಣದ ಮೂತ್ರ ಅಥವಾ ಮೂಗಿನಲ್ಲಿ ರಕ್ತ ಕಂಡರೆ ಉಣ್ಣಿ ಜ್ವರದ ಪರೀಕ್ಷೆ ಅದೇ ದಿನ ಆಗಲಿ.

ಒಂದೇ ಸಲ ವಾಂತಿ ಮಾಡಿ ಆಮೇಲೆ ಆಡುತ್ತಿರುವ ದೊಡ್ಡ ನಾಯಿ, ಸ್ವಲ್ಪ ಮೆತ್ತಗಿನ ಮಲ, ಒಂದು ಹೊತ್ತು ಊಟ ಬಿಟ್ಟದ್ದು, ಇವು ‘ನಾಳೆ’ ಪೆಟ್ಟಿಗೆ.

ಯಾವ ಪೆಟ್ಟಿಗೆಯೇ ಆಗಲಿ, ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಪ್ಯಾರಸಿಟಮಾಲ್ ಯಕೃತ್ತನ್ನು ಹಾಳುಮಾಡುತ್ತದೆ.

ಮುಂದೆ ಹೀಗಾಗದಿರಲು

ಯಾವ ನಾಯಿಗೆ ಅಪಾಯ ಜಾಸ್ತಿ? ಎದೆ ಆಳ, ಸೊಂಟ ಸಣ್ಣ ಇರುವ ದೊಡ್ಡ ತಳಿಗಳಿಗೆ. ಗ್ರೇಟ್ ಡೇನ್ ಪಟ್ಟಿಯ ತುದಿಯಲ್ಲಿದೆ. ವೈಮರಾನರ್, ಸೇಂಟ್ ಬರ್ನಾರ್ಡ್, ಐರಿಷ್ ಸೆಟರ್, ಸ್ಟ್ಯಾಂಡರ್ಡ್ ಪೂಡಲ್, ಡಾಬರ್‌ಮನ್, ಜರ್ಮನ್ ಶೆಫರ್ಡ್ ಎಲ್ಲ ಅದರ ಹಿಂದೆ. ಮಿಶ್ರ ತಳಿಗೂ, ಅಪರೂಪಕ್ಕೆ ಸಣ್ಣ ನಾಯಿಗೂ ಬರುತ್ತದೆ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 11 ದೊಡ್ಡ ತಳಿಗಳ 1,600ಕ್ಕೂ ಹೆಚ್ಚು ನಾಯಿಗಳನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ವಯಸ್ಸು, ತಂದೆ ತಾಯಿ ಅಥವಾ ಒಡಹುಟ್ಟಿದ ನಾಯಿಗೆ ಇದು ಬಂದಿದ್ದು, ಗಬಗಬ ತಿನ್ನುವುದು ಅಪಾಯ ಹೆಚ್ಚಿಸುತ್ತವೆ ಅಂತ ಕಂಡುಬಂತು. ಇನ್ನೊಂದು ಅಂಶ ಎಲ್ಲರಿಗೂ ಅಚ್ಚರಿ ತಂದಿತು. ಹೊಟ್ಟೆಗೆ ಒಳ್ಳೆಯದು ಅಂತ ಸ್ಟ್ಯಾಂಡಿನ ಮೇಲೆ ಎತ್ತರಕ್ಕೆ ಇಡುತ್ತಿದ್ದ ಊಟದ ಬಟ್ಟಲೇ ಅಪಾಯ ಹೆಚ್ಚಿಸುವ ಪಟ್ಟಿಯಲ್ಲಿತ್ತು. ನಮ್ಮ ಮನೆಯಲ್ಲೂ ಅಂಥ ಸ್ಟ್ಯಾಂಡ್ ಇತ್ತು. ಈಗ ಅದರ ಮೇಲೆ ಹೂಕುಂಡ ಇದೆ.

ದಿನದ ಊಟವನ್ನು ಒಂದೇ ಸಲ ಹಾಕದೆ ಎರಡು ಮೂರು ಪಾಲು ಮಾಡಿ. ಗಬಗಬ ತಿನ್ನುವ ನಾಯಿಗೆ ಒಳಗೆ ಉಬ್ಬುಗಳಿರುವ ಬಟ್ಟಲು ಸಿಗುತ್ತದೆ, ಅದರಲ್ಲಿ ಹಾಕಿ. ಎರಡು ನಾಯಿಗಳಿದ್ದರೆ ಬೇರೆ ಬೇರೆ ಕೋಣೆಯಲ್ಲಿ ಊಟ ಕೊಡಿ, ಪೈಪೋಟಿ ಇಲ್ಲದಿದ್ದರೆ ವೇಗ ತಾನಾಗಿ ಇಳಿಯುತ್ತದೆ. ಊಟವಾದ ಮೇಲೆ ಒಂದು ಗಂಟೆ ಓಟ, ಕುಣಿತ ಬೇಡ ಅನ್ನುವ ಸಲಹೆಗೆ ಗಟ್ಟಿ ಪುರಾವೆ ಕಡಿಮೆ. ಆದರೂ ಪಾಲಿಸುವುದರಿಂದ ನಷ್ಟವೇನಿಲ್ಲ, ನಾನು ಪಾಲಿಸುತ್ತೇನೆ.

ಅಪಾಯದ ತಳಿ ಸಾಕಿದ್ದರೆ ಸಂತಾನಹರಣ ಆಪರೇಷನ್ ಜೊತೆಗೇ ಗ್ಯಾಸ್ಟ್ರೋಪೆಕ್ಸಿ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಿ. ಒಂದೇ ಅರಿವಳಿಕೆಯಲ್ಲಿ ಎರಡೂ ಮುಗಿಯುತ್ತವೆ. ಅದು ಜಠರ ಊದುವುದನ್ನು ತಡೆಯುವುದಿಲ್ಲ, ತಿರುಚುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಹಾಗಾಗಿ ಹೊಲಿಗೆ ಹಾಕಿಸಿದ ನಾಯಿ ಓಕರಿಸಿದರೂ ಫೋನ್ ಮಾಡಲೇಬೇಕು. ನಮ್ಮವನ ಹೊಟ್ಟೆಯ ಮೇಲಿನ ಗಾಯದ ಗೆರೆ ಈಗ ಕೂದಲಲ್ಲಿ ಮುಚ್ಚಿಹೋಗಿದೆ. ಟೇಪು ಮಾತ್ರ ಇನ್ನೂ ಅವನ ಬೆಲ್ಟಿನ ಪಕ್ಕದಲ್ಲೇ ಮೊಳೆಗೆ ನೇತಾಡುತ್ತಿದೆ.